ಚುಕ್ಕಿಯಿಲ್ಲದ ಪ್ರತಿ

ನಮ್ಮ ಕಂಪನಿಯಿಂದ ಹೊರಬೀಳುವ ಸಿನಿಮಾದ ಒಂದೊಂದು ಪ್ರತಿಯಲ್ಲೂ ಚುಕ್ಕಿ ಇಡುವುದು ನನ್ನ ಕೆಲಸ. ನಾಯಕಿಯ ಹಿಂದಿನ ಗೋಡೆಯ ಮೇಲೆ ಸುಣ್ಣ ಎದ್ದಂತೆ ಕಾಣುವ ಪುಟ್ಟ ಗುರುತು. ಒಂದು ಚಿತ್ರಮಂದಿರದ ಪ್ರತಿಗೆ ಕಿಟಕಿಯ ಪಕ್ಕ, ಇನ್ನೊಂದಕ್ಕೆ ಗಡಿಯಾರದ ಕೆಳಗೆ. ಕದ್ದ ಪ್ರತಿ ಸಿಕ್ಕರೆ, ಯಾರ ಕೈಯಿಂದ ಜಾರಿತೆಂದು ಚುಕ್ಕಿ ಹೇಳುತ್ತದೆ.

ಕಂಪನಿ ಮಾವನದು. ನನ್ನ ಈ ಕೆಲಸವನ್ನು ಅವರು ‘ಸೊಸೆಯ ಕಸೂತಿ’ ಎಂದು ನಗುತ್ತಾರೆ. ನಗಲಿ. ಮನೆಯಲ್ಲಿ ಪರದೆಯ ಬಣ್ಣದಿಂದ ಹಿಡಿದು ನನ್ನ ಮಗಳ ಹೆಸರಿನವರೆಗೆ ಎಲ್ಲವನ್ನೂ ಬೇರೆಯವರೇ ಆರಿಸಿದ್ದಾರೆ. ಚುಕ್ಕಿಯ ಜಾಗ ಮಾತ್ರ ನನ್ನ ಆಯ್ಕೆ.

ಮನೆಗೆ ಬರುವ ಒಂದು ಪ್ರತಿಗೆ ಮಾತ್ರ ಚುಕ್ಕಿ ಇಲ್ಲ. ಅದು ಮಾವನ ಕಟ್ಟಪ್ಪಣೆ. “ನಮ್ಮವರ ಮೇಲೂ ಕಾವಲಾ? ಬಿಡಮ್ಮ.”

ಈ ಸಲ ಬಿಡುಗಡೆಗೆ ಮೊದಲೇ ಸಿನಿಮಾ ಕಂಡಕಂಡವರ ಫೋನಿಗೆ ಬಂದುಬಿಟ್ಟಿತು. ವಿತರಕರು ಕಚೇರಿಗೆ ನುಗ್ಗುವ ಮೊದಲೇ ಮಾವ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಕದ್ದ ಪ್ರತಿಯಲ್ಲಿ ಆ ಗೋಡೆಯ ದೃಶ್ಯವನ್ನು ನಿಲ್ಲಿಸಿಟ್ಟಿದ್ದೆ. ಗೋಡೆ ತೊಳೆದಿಟ್ಟ ಹಾಗಿತ್ತು.

“ಚುಕ್ಕಿ ಇಲ್ಲ ಮಾವ.”

“ಒಳ್ಳೇದೇ ಆಯ್ತು. ಕನ್ನಡಕದಣ್ಣನ ಪ್ರತಿಗೆ ಇಡೋದು ಮರೆತೆ ಅಂದ್ಬಿಡು.”

ಕನ್ನಡಕದಣ್ಣ ಹಳೆಯ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಡೆಸುವವರು. ಎಲ್ಲರಿಗಿಂತ ಮೊದಲು ಅವರಿಗೇ ಪ್ರತಿ ಹೋಗುತ್ತಿತ್ತು.

“ಅವರ ಕೆಲಸ ಹೋಗುತ್ತೆ ಮಾವ.”

“ಇವತ್ತಲ್ಲ ನಾಳೆ ಹೋಗೋದೇ. ನಿನ್ನ ಮೈದುನ ಗೆಳೆಯರ ಮುಂದೆ ಜಂಬ ಕೊಚ್ಚೋಕೆ ಮನೆ ಡಿಸ್ಕ್ ತಗೊಂಡು ಹೋಗಿದ್ದ. ಹುಡುಗಾಟ. ಅದಕ್ಕೆ ಮನೆ ಮಾನ ಹರಾಜು ಹಾಕ್ತೀಯಾ?”

“ನಾನು ಮರೆತಿಲ್ಲ.”

“ಮರೆತೆ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?”

ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ನನಗೇನೂ ಹೊಸದಲ್ಲ. ಯಾರೋ ಒಡೆದ ಲೋಟ, ತಡವಾದ ಊಟ, ಅತ್ತೆ ಎಲ್ಲೋ ಇಟ್ಟು ಮರೆತ ಕನ್ನಡಕ, ಎಲ್ಲಕ್ಕೂ ಹೂಂ ಅಂದಿದ್ದೇನೆ. ಆದರೆ ಚುಕ್ಕಿ ಇಡಲು ಮರೆಯುವುದು? ನಾನು?

ಎದ್ದು ಬಾಗಿಲು ತೆಗೆದೆ.

ಹೊರಗೆ ಆಗಲೇ ಬಂದು ಸೇರಿದ್ದ ವಿತರಕರ ನಡುವೆ ಕನ್ನಡಕದಣ್ಣ ತಮ್ಮ ಡಿಸ್ಕನ್ನು ಎದೆಗವಚಿಕೊಂಡು ನಿಂತಿದ್ದರು. “ನಂಗೆ ಪರದೇನೇ ನೆಟ್ಟಗೆ ಕಾಣಲ್ಲ ತಾಯಿ, ಕದ್ದು ಏನ್ ನೋಡ್ಲಿ?” ಯಾರೂ ನಗಲಿಲ್ಲ.

“ಕೊಡಿ ಅಣ್ಣ” ಎಂದು ಅದನ್ನು ಇಸಿದುಕೊಂಡು ಕಂಪ್ಯೂಟರಿಗೆ ಹಾಕಿದೆ. ಗಡಿಯಾರದ ಕೆಳಗೆ ಚುಕ್ಕಿ ಇಟ್ಟಲ್ಲೇ ಇತ್ತು.

“ಇದು ಈ ಅಣ್ಣಂದು. ನಿಮ್ಮೆಲ್ಲರ ಪ್ರತೀಲೂ ಒಂದೊಂದು ಇದೆ, ಬೇಕಾದ್ರೆ ತೋರಿಸ್ತೀನಿ. ಕದ್ದಿದ್ರಲ್ಲಿ ಇಲ್ಲ. ಚುಕ್ಕಿ ಇಲ್ಲದ್ದು ಒಂದೇ ಒಂದು, ನಮ್ಮ ಮನೇದು.”

ಕನ್ನಡಕದಣ್ಣ ಕುರ್ಚಿ ಹುಡುಕಿಕೊಂಡು ಕುಳಿತರು. ಮಾವನ ಮುಖ ಕಪ್ಪಿಟ್ಟಿತು.

“ನಾಳೆಯಿಂದ ಈ ಕೋಣೆಗೆ ಕಾಲಿಡಬೇಡ.”

“ಇಡ್ತೀನಿ ಮಾವ. ಮುಂದಿನ ಸಿನಿಮಾ ಬರ್ತಿದೆ. ಇನ್ಮೇಲೆ ಮನೆ ಪ್ರತಿಗೂ ಚುಕ್ಕಿ ಬೀಳುತ್ತೆ. ಎಲ್ಲಿ ಅಂತ ನಿಮಗೂ ಹೇಳಲ್ಲ.”

ಅವರು ಕೋಣೆಯ ಬೀಗದಕೈಗೆಂದು ಅಂಗೈ ಚಾಚಿದರು. ಮದುವೆಯಾದಾಗಿನಿಂದ ಆ ಅಂಗೈ ಕೇಳಿದ್ದನ್ನೆಲ್ಲ ಕೊಟ್ಟಿದ್ದೆ. ಬೀಗದಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ವಿತರಕರತ್ತ ತಿರುಗಿ ಕೇಳಿದೆ:

“ಯಾರ ಪ್ರತಿ ಮೊದಲು ನೋಡೋಣ?”