ಚಾರ್‌ಮಿನಾರಿಗೆ ಟೊಪ್ಪಿಗೆ ತೊಡಿಸಿದವಳು

ಚಾರ್‌ಮಿನಾರಿನ ನಾಲ್ಕೂ ಮಿನಾರುಗಳಿಗೆ ಒಂದೇ ಚಳಿಗಾಲದಲ್ಲಿ ಉಲ್ಲನ್ ಟೊಪ್ಪಿಗೆ ಹೆಣೆದು ತೊಡಿಸಿದವಳು ಗುರುದೇವಿ. ಹಾಗಂತ ಅವಳೇ ಹೇಳುತ್ತಿದ್ದಳು. ಆ ವರ್ಷ ಹೈದರಾಬಾದಿನಲ್ಲಿ ಎಂಥ ಥಂಡಿ ಬಿದ್ದಿತ್ತೆಂದರೆ, ಮಿನಾರುಗಳು ಗಡಗಡ ನಡುಗಿ ಕೆಳಗಿನ ಅಂಗಡಿಗಳಲ್ಲಿ ಬಳೆಗಳೆಲ್ಲ ತಮ್ಮಷ್ಟಕ್ಕೆ ತಾವೇ ಕಿಣಿಕಿಣಿ ಎನ್ನತೊಡಗಿದ್ದವಂತೆ. ಇವಳು ಟೊಪ್ಪಿಗೆ ಹಾಕಿದ ಮೇಲೆಯೇ ಆ ಸದ್ದು ಅಡಗಿದ್ದು. ಟೊಪ್ಪಿಗೆಯೊಳಗೆ ಸೇರಿದ ಪಾರಿವಾಳಗಳು ಮಾತ್ರ ಮರಳಿ ಹೊರಗೆ ಬರಲು ಒಲ್ಲೆ ಅಂದವಂತೆ.

"ಮತ್ತ ಈಗ ಎಲ್ಲಿ ಅದಾವ ಆ ಟೊಪಿಗಿ?" ಎಂದು ಸುಗಲಮ್ಮ ಪ್ರತಿಸಲ ಕೇಳುವಳು.

"ಬ್ಯಾಸಗಿ ಬಂತಲ್ಲವಾ, ತಗದ್ರು. ಮಿನಾರಕ್ಕೂ ಸೆಕಿ ಆಗ್ತೈತಿಲ್ಲೊ?"

ಹೈದರಾಬಾದಿನ ಮಣಿಕೊಂಡದ ಒಂದು ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಗುರುದೇವಿಯ ಸಂಸಾರ. ಗಂಡ ದ್ಯಾವಪ್ಪ ಅಲ್ಲಿಯ ವಾಚ್‌ಮನ್. ಪಕ್ಕದಲ್ಲಿ ಕಟ್ಟುತ್ತಿದ್ದ ಹೊಸ ಬಿಲ್ಡಿಂಗಿನ ತಗಡಿನ ಶೆಡ್ಡಿನಲ್ಲಿ ಸುಗಲಮ್ಮ, ಅವಳ ಮಗ ಗೌಂಡಿ ಪರಮೇಶ, ಸೊಸೆ ಭಾಗ್ಯಶ್ರೀ. ಎಲ್ಲರೂ ಯಾದಗಿರಿ ಕಡೆಯವರೇ. ಸಂಜೆಯಾದರೆ ಗೇಟಿನ ಹತ್ತಿರ ಇವರ ಕನ್ನಡ ಕೇಳಿ ಬೀದಿನಾಯಿಗಳೂ ತೆಲುಗು ಮರೆತಿದ್ದವು.

ಬಾಯಿಯ ಮಾತು ಹೇಗೇ ಇರಲಿ, ಗುರುದೇವಿಯ ಕೈಯ ಟೊಪ್ಪಿಗೆ ಸುಳ್ಳಾಗಿರಲಿಲ್ಲ. ಅಂಚಿಗೆ ಎರಡು ಸೀದಾ, ಎರಡು ಉಲ್ಟಾ, ಮತ್ತೆ ಎರಡು ಸೀದಾ, ಎರಡು ಉಲ್ಟಾ. ಹೀಗೆ ಬೆರಳಗಲ ಬೆರಳಗಲ ಏರುತ್ತಿದ್ದಂತೆ ಆ ಅಂಚು ಗೆರೆಗೆರೆಯಾಗಿ ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮುದುಡಿ ಕೂಡುತ್ತಿತ್ತು. ಎಳೆದರೆ ಹಿಗ್ಗುವುದು, ಬಿಟ್ಟರೆ ಮನೆಗೆ ಮರಳಿದ ಹಾಗೆ ತನ್ನ ಜಾಗಕ್ಕೆ ಬರುವುದು. ಅದರ ಮೇಲೆ ಸಾದಾ ಹೆಣಿಗೆ. ನೆತ್ತಿ ಬಂದಾಗ ಎರಡೆರಡು ಕುಣಿಕೆಗಳನ್ನು ಒಂದು ಮಾಡುತ್ತ ಇಳಿಸಿ, ಕೊನೆಗೆ ಉಳಿದವುಗಳಲ್ಲಿ ದಾರ ಪೋಣಿಸಿ ಎಲೆಯಡಿಕೆ ಸಂಚಿಯ ಬಾಯಿಯಂತೆ ಬಿಗಿದರೆ ಮುಗಿಯಿತು. ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ನಸುಕಿನ ಪಾಳಿಗೆ ಹೋಗುವ ಲೋಡರುಗಳು, ಹಾಲಿನವರು, ಮೂರನೇ ಮಹಡಿಯ ಸಾಫ್ಟ್‌ವೇರ್ ಹುಡುಗಿಯರು, ಎಲ್ಲರ ತಲೆಯ ಮೇಲೂ ಅವಳ ಟೊಪ್ಪಿಗೆ.

ಜನ ಬೆರಗಾಗುತ್ತಿದ್ದದ್ದು ಹೆಣಿಗೆಗಲ್ಲ, ಅಳತೆಗೆ. ಗುರುದೇವಿ ಟೇಪು ಮುಟ್ಟುತ್ತಿರಲಿಲ್ಲ. ಬಂದವರ ಎದುರು ನಿಂತು ಒಂದು ಕಣ್ಣು ಮುಚ್ಚಿ, "ಹೂಂ, ಹೋಗಿ ಬರ್ರಿ," ಎನ್ನುವಳು. ಅಷ್ಟೆ. ಹೆಣೆದುಕೊಟ್ಟದ್ದು ತಲೆಗೆ ಚರ್ಮದಂತೆ ಕೂಡುತ್ತಿತ್ತು.

"ನನ್ನ ಕಣ್ಣು ಕಣ್ಣಲ್ಲ, ತಕ್ಕಡಿ," ಎಂದು ಅವಳು ಹೇಳಿಕೊಳ್ಳುವಳು. "ಬಸ್ಸಿನ್ಯಾಗ ಹೋಗೋರ ತಲೀನೂ ಕೆಳಗ ನಿಂತ ಅಳೀತೀನಿ. ಅಮೀರ್‌ಪೇಟ್ ಮೆಟ್ರೊದಾಗ ಒಂದ ಡಬ್ಬಿ ತುಂಬ ಮಂದೀನ ಅಳದೀನಿ ಒಮ್ಮೆ. ಬಾಗಲಾ ಮುಚ್ಚೂದ್ರಾಗ!"

ನಿಜ ಗೊತ್ತಿದ್ದದ್ದು ದ್ಯಾವಪ್ಪನಿಗೊಬ್ಬನಿಗೆ. ಕೋಣೆಯ ಒಳಗೆ, ಹಳೇ ಸೀರೆಯ ಪರದೆಯ ಹಿಂದೆ, ಅಡುಗೆ ಮನೆಯ ಪಾತ್ರೆಗಳೆಲ್ಲ ಟೊಪ್ಪಿಗೆ ಹಾಕಿಕೊಂಡು ಕೂತಿರುತ್ತಿದ್ದವು. ಸಾಲೆ ಮಕ್ಕಳಿಗೆ ಹಿತ್ತಾಳೆಯ ತಂಬಿಗೆ, ಹೆಂಗಸರಿಗೆ ಹಾಲಿನ ಗಡಿಗೆ, ಗಂಡಸರಿಗೆ ಬೇಳೆ ಬೇಯಿಸುವ ಬೋಗುಣಿ, ಕಂಟ್ರಾಕ್ಟರನಿಗೆ ನೀರಿನ ಕೊಡ. ಎದುರಿಗೆ ಬಂದ ತಲೆ ಯಾವ ಪಾತ್ರೆಯ ಪೈಕಿ ಎಂದು ಆಕೆ ಗುರುತು ಮಾಡಿಕೊಳ್ಳುವಳು. ಆಮೇಲೆ ಹೆಣೆಯುತ್ತ ಹೆಣೆಯುತ್ತ ಆ ಪಾತ್ರೆಗೇ ತೊಡಿಸಿ ತೊಡಿಸಿ ನೋಡುವಳು. "ನಮ್ಮ ಮನ್ಯಾಗ ಬ್ಯಾಳಿಗೂ ಥಂಡಿ ಹತ್ತಂಗಿಲ್ಲ," ಎಂದು ದ್ಯಾವಪ್ಪ ನಗುತ್ತಿದ್ದ.

ಭಾಗ್ಯಶ್ರೀಯ ಕುಬಸದ ದಿನ ಗುರುದೇವಿಯ ಬಾಯಿ ಎಲ್ಲೆ ಮೀರಿತು. ಹಸಿರು ಬಳೆ ತೊಟ್ಟು ಕೂತಿದ್ದ ಬಸುರಿಯ ಹೊಟ್ಟೆಯನ್ನೇ ಒಂದು ಕಣ್ಣು ಮುಚ್ಚಿ ನೋಡಿ, "ಕಾಣಾಕತ್ತೈತಿ! ತಲಿ ದುಂಡಗ ಐತಿ. ಅಳತಿ ಸಿಕ್ತು ನನಗ. ಇವತ್ತ ಕಡ್ಡಿ ಹಿಡದ್ರ ನಾಳಿ ಟೊಪಿಗಿ," ಎಂದುಬಿಟ್ಟಳು.

ಹೆಂಗಸರೆಲ್ಲ ಬಾಯಿ ತೆರೆದು ನೋಡಿದರು. ಸುಗಲಮ್ಮ ಮಾತ್ರ ಸಿಡಿದಳು. "ಬಿಡ್ತು ಅನ್ನ ಮದಲ! ಹುಟ್ಟಲಾರದ ಕೂಸಿಗೆ ಅರಿವಿ ತಯಾರ ಮಾಡ್ತಾರೇನ? ನಮ್ಮಲ್ಲಿ ಒಂದ ದಾರಾನೂ ಮುಟ್ಟಂಗಿಲ್ಲ."

ಅವರಲ್ಲಿ ಪದ್ಧತಿಯೇ ಹಾಗೆ. ಕೂಸು ಕೈಗೆ ಬಂದ ಮೇಲೆ ಹಳೇ ಸೀರೆ ಹರಿದು ಸುತ್ತುವುದು. ಅದಕ್ಕೂ ಮೊದಲು ಏನನ್ನೂ ಕೂಡಿಡುವಂತಿಲ್ಲ. ಗುರುದೇವಿ ಬಿಡ್ತು ಅಂದಳು, ಕಡ್ಡಿ ಒಳಗಿಟ್ಟಳು.

ಆದರೆ ಕೂಸಿಗೆ ಯಾರ ಪದ್ಧತಿಯೂ ಗೊತ್ತಿರಲಿಲ್ಲ. ಬಳೆಯ ಹಸಿರು ಮಾಸುವ ಮೊದಲೇ, ಎಲ್ಲರೂ ಎಣಿಸಿದ್ದಕ್ಕಿಂತ ಎಷ್ಟೋ ಮುಂಚೆ, ಅದು ಹುಟ್ಟಿಬಿಟ್ಟಿತು. ಹೆಣ್ಣು. ಊರೊಳಗಿನ ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಭಾಗ್ಯಶ್ರೀ ಹೆತ್ತವಳಾದರೂ ಇನ್ನೂ ಅದನ್ನು ಎತ್ತಿಕೊಂಡಿರಲಿಲ್ಲ. ತೂತಿನಿಂದ ಬೆರಳು ತೂರಿಸಿ ಅಂಗಾಲು ಮುಟ್ಟಿದ್ದಳು, ಅಷ್ಟೆ.

ಒಂದು ಮಧ್ಯಾಹ್ನ ಪರಮೇಶ ಸಿಮೆಂಟಿನ ಕೈಯಲ್ಲೇ ಗುರುದೇವಿಯ ಕೋಣೆಗೆ ಓಡಿ ಬಂದ.

"ಚಿಗವ್ವಾ, ನಾಳಿ ಮುಂಜಾನೆ ಕೂಸಿನ್ನ ಅವ್ವನ ಎದಿ ಮ್ಯಾಲ ಮಲಗಿಸ್ತಾರಂತ. ಮೈ ಕಾವು ಹತ್ತಬೇಕಂತ. ಆದ್ರ ತಲಿ ಮುಚ್ಚಿರಬೇಕು. ಆಸ್ಪತ್ರಿ ಟೊಪಿಗಿ ದೊಡ್ಡದಾತು, ಮೂಗಿನ ಮ್ಯಾಲ ಇಳೀತೈತಿ. ಬಿಗಿ ಇದ್ದದ್ದೂ ನಡ್ಯಂಗಿಲ್ಲ, ಎಳೀ ತಲಿ. ಸರೀ ಕೂಡೂದು ಇಲ್ಲಂದ್ರ ಪೆಟಗಿ ತಗ್ಯಂಗಿಲ್ಲ ಅಂದಾರ ನರ್ಸಮ್ಮ. ನೀ ಅಂತೂ ಕುಬಸದ ದಿನಾನ ಅಳತಿ ನೋಡೀಯಲ್ಲ!"

ಗುರುದೇವಿ ಹೆಣೆಯುತ್ತಿದ್ದ ಕಡ್ಡಿಯನ್ನು ಕೆಳಗಿಟ್ಟಳು. ಕೂಸನ್ನು ಅವಳು ನೋಡಿಯೇ ಇರಲಿಲ್ಲ. ಅಲ್ಲಿಗೆ ತಂದೆತಾಯಿ ಬಿಟ್ಟರೆ ಯಾರನ್ನೂ ಬಿಡುತ್ತಿರಲಿಲ್ಲ. ಒಂದು ದಾರ ಕೊಟ್ಟು ತಲೆಯ ಸುತ್ತಳತೆ ತರಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಆ ದಾರ ಕೇಳಿದರೆ ತಕ್ಕಡಿ ಕಣ್ಣಿನ ಗತಿ?

"ಹೌದಪ್ಪ, ನೋಡೀನಿ," ಎಂದಳು. "ಆದ್ರೂ ಹೊರಗ ಬಂದ ಮ್ಯಾಲ ಒಂಚೂರು ಬದಲ ಆಗಿರ್ತೈತಿ. ಎಷ್ಟೈತಿ ಹೇಳು ಈಗ?"

"ಲಿಂಬಿಹಣ್ಣಿನಷ್ಟ ಐತಿ ಚಿಗವ್ವಾ," ಎಂದು ಪರಮೇಶ ಕಣ್ಣೊರೆಸಿಕೊಂಡ.

ಗಾಜಿನಾಚೆಯಿಂದ ಒಮ್ಮೆ ಇಣುಕಿದ್ದ ಸುಗಲಮ್ಮನನ್ನು ಕೇಳಿದರೆ, "ಎಂಥಾ ತಲಿ ಅಂತೀ! ನಮ್ಮ ಮಾವನ ತಲಿ! ಕುಂಬಳಕಾಯಿ!" ಎಂದು ಎರಡೂ ಕೈ ಅಗಲಿಸಿದಳು. ಭಾಗ್ಯಶ್ರೀಗೆ ಫೋನು ಮಾಡಿದರೆ, "ನೋಡಾಕ ಹೋದ್ರ ಕಣ್ಣಾಗ ನೀರು ತುಂಬ್ತಾವ ಚಿಗವ್ವಾ, ಏನೂ ಕಾಣವಲ್ದು," ಎಂದಳು.

ಜೀವಮಾನವೆಲ್ಲ ಸಾಸಿವೆಯನ್ನು ಬೆಟ್ಟ ಮಾಡಿ ಹೇಳಿದ ಗುರುದೇವಿಗೆ ಆ ದಿನ ಒಂದೇ ಒಂದು ನಿಜವಾದ ಮಾತು ಬೇಕಾಗಿತ್ತು. ಇಡೀ ಮಣಿಕೊಂಡದಲ್ಲಿ ಅದು ಸಿಗಲಿಲ್ಲ.

ಅವಳು ಹಣ್ಣಿನ ಬಂಡಿಗೆ ಹೋದಳು. ಒಂದು ಲಿಂಬೆ, ಒಂದು ಮೋಸಂಬಿ, ಒಂದು ದೊಡ್ಡ ದಾಳಿಂಬೆ, ಪಕ್ಕದ ಅಂಗಡಿಯಿಂದ ಒಂದು ಸುಲಿದ ತೆಂಗಿನಕಾಯಿ ತಂದಳು. ಇದ್ದುದರಲ್ಲಿ ಅತಿ ಮೆತ್ತನೆಯ ಬಿಳಿ ದಾರ ತೆಗೆದಳು. ಲಿಂಬೆಯನ್ನು ನೋಡಿ, ಇಷ್ಟು ಚಿಕ್ಕದಾಗಿ ಯಾರೂ ಹುಟ್ಟಲಿಕ್ಕಿಲ್ಲವೆಂದು ಪಕ್ಕಕ್ಕಿಟ್ಟಳು. ಮತ್ತೆ, ಯಾರಿಗೆ ಗೊತ್ತು ಎಂದು ಅದಕ್ಕೂ ಹೆಣೆದಳು. ಕಡ್ಡಿಗಳು ಎಂಥ ವೇಗದಲ್ಲಿ ಓಡಿದವೆಂದರೆ ಮೇಲಿನ ಫ್ಯಾನು ನಾಚಿಕೊಂಡು ನಿಧಾನವಾಯಿತು. ಎರಡು ಸೀದಾ, ಎರಡು ಉಲ್ಟಾ. ಹೆಣೆಯುತ್ತ ಅವಳಿಗೇ ಬೆರಗು ಹತ್ತಿತು. ಕೊಡದಷ್ಟು ತಲೆಗೂ ಲಿಂಬೆಯಷ್ಟು ತಲೆಗೂ ಅದೇ ದಾರ, ಅದೇ ಕಡ್ಡಿ, ಅದೇ ಗೆರೆ. ಕುಣಿಕೆ ಏರಿಸುವುದರಲ್ಲಷ್ಟೆ ಹೆಚ್ಚುಕಮ್ಮಿ. ಇಷ್ಟು ವರ್ಷ ಕೈಯಲ್ಲಿದ್ದದ್ದನ್ನು ಅವಳು ಇವತ್ತೇ ಮೊದಲು ನೋಡಿದ ಹಾಗಿತ್ತು.

ಸಂಜೆ ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆದು, ಆಕಾರ ಕೆಡದಿರಲೆಂದು ಆಯಾ ಹಣ್ಣಿಗೇ ತೊಡಿಸಿ ಫ್ಯಾನಿನ ಕೆಳಗೆ ಸಾಲಾಗಿ ಕೂಡಿಸಿದಳು. ದ್ಯಾವಪ್ಪ ಬಂದು ತೆಂಗಿನಕಾಯಿಗೆ ಕೈಮುಗಿದ. "ಯಾವೂರ್ರಿ ತಮ್ದು?"

"ನಗಬ್ಯಾಡ್ರಿ," ಎಂದಳು. ಅವಳ ದನಿ ಕೇಳಿ ಅವನು ನಗಲಿಲ್ಲ.

ಮರುದಿನ ಆಟೊ ಗೇಟಿಗೆ ಬಂದು ಹಾರ್ನು ಹೊಡೆಯುತ್ತಲೇ ಇತ್ತು. ಗುರುದೇವಿ ಗಡಿಬಿಡಿಯಲ್ಲಿ ಟೊಪ್ಪಿಗೆಗಳನ್ನು ಕಿತ್ತು ಕಿತ್ತು ಒಗೆದ ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಸುಗಲಮ್ಮನ ಪಕ್ಕ ಹತ್ತಿ ಕೂತಳು. ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ಚೀಲ ತೆಗೆದುಕೊಂಡು ಒಂದೊಂದನ್ನೇ ಹೊರಗೆ ತೆಗೆದಳು. ಲಿಂಬೆಯ ಟೊಪ್ಪಿಗೆಯನ್ನು ಹೆಬ್ಬೆರಳಿಗೆ ಹಾಕಿ ನಕ್ಕಳು. ಮೋಸಂಬಿಯದನ್ನು ಎಳೆದು ನೋಡಿ ತಲೆ ಅಲ್ಲಾಡಿಸಿದಳು. ತೆಂಗಿನಕಾಯಿಯದು ಬೇಡವೇ ಬೇಡ. ಗುರುದೇವಿ ಚೀಲದತ್ತ ಬಗ್ಗಿ ನೋಡಿದಳು. ಇನ್ನೊಂದೇ ಉಳಿದಿತ್ತು.

ಅದನ್ನು ಎತ್ತಿದ ನರ್ಸಮ್ಮನ ಕೈ ಜಗ್ಗಿತು. "ಇದೇಂಟಮ್ಮಾ, ಇಷ್ಟು ಭಾರ?" ಎಂದಳು ತೆಲುಗು ಬೆರೆಸಿ.

ಟೊಪ್ಪಿಗೆಯೊಳಗೆ ದಾಳಿಂಬೆ ಗಟ್ಟಿಯಾಗಿ ಕೂತಿತ್ತು.

ನರ್ಸಮ್ಮ ಹಣ್ಣನ್ನು ತೆಗೆದು ಸುಗಲಮ್ಮನ ಕೈಗಿಟ್ಟಳು. ಟೊಪ್ಪಿಗೆಯ ಅಂಚನ್ನು ಎಳೆದಳು, ಬಿಟ್ಟಳು, ಮತ್ತೆ ಎಳೆದಳು. "ಇದಿ ಕರೆಕ್ಟು," ಎಂದು ಒಳಗೆ ಹೋದಳು.

ಸುಗಲಮ್ಮ ದಾಳಿಂಬೆಯನ್ನು ನೋಡಿದಳು, ಗುರುದೇವಿಯನ್ನು ನೋಡಿದಳು. ಅಷ್ಟರಲ್ಲಿ ಗಾಜಿನಾಚೆ ಪರದೆ ಸರಿಯಿತು.

ಭಾಗ್ಯಶ್ರೀ ಒರಗಿ ಕೂತಿದ್ದಳು. ಅವಳ ಎದೆಯ ಮೇಲೆ, ಸೀರೆಯ ಸೆರಗಿನೊಳಗೆ, ಒಂದು ಬಿಳಿ ಟೊಪ್ಪಿಗೆ. ಟೊಪ್ಪಿಗೆಯ ಕೆಳಗೆ ಒಂದು ಮುಖವೂ ಇದೆಯೆಂಬುದು ಕಣ್ಣಿಗೆ ಹೊಳೆಯಲು ಕ್ಷಣ ಹಿಡಿಯಿತು. ಕೂಸು ಉಸಿರಾಡಿದಾಗ ಅಂಚಿನ ಗೆರೆಗಳು ಅದರ ಹಣೆಯ ಮೇಲೆ ಕಂಡೂ ಕಾಣದ ಹಾಗೆ ಹಿಗ್ಗಿದವು, ಕುಗ್ಗಿದವು. ಹುಬ್ಬಿನ ಮೇಲೆಯೇ ನಿಂತಿದ್ದವು, ಕೆಳಗೆ ಜಾರಲಿಲ್ಲ. ಭಾಗ್ಯಶ್ರೀ ಅಂಗೈಯಿಂದ ಆ ತಲೆಯನ್ನು ಮುಚ್ಚಿದಳು. ಇಡೀ ತಲೆ ಅಂಗೈಯೊಳಗೆ ಅಡಗಿತು.

ಗುರುದೇವಿ ಬಾಯಿ ತೆರೆದಳು. ಏನಾದರೂ ದೊಡ್ಡದು ಹೇಳಬೇಕೆಂದು ತಡಕಿದಳು. ಇದನ್ನು ಎಷ್ಟು ಹಿಗ್ಗಿಸಿ ಹೇಳಿದರೂ ಇದಕ್ಕಿಂತ ಚಿಕ್ಕದಾಗಿಯೇ ಕೇಳಿಸುತ್ತಿತ್ತು.

ಸುಗಲಮ್ಮ ಹಣ್ಣನ್ನು ಅವಳ ಮೂಗಿನ ಮುಂದೆ ಹಿಡಿದಳು. "ಇದೇನ ನಿನ್ನ ತಕ್ಕಡಿ ಕಣ್ಣು?"

"ಹೂಂ," ಎಂದಳು ಗುರುದೇವಿ. "ನೋಡಿದ ಕೂಡ್ಲೆ ಅಳತಿ ಗೊತ್ತಾಗಂಗಿಲ್ಲ ನನಗ. ಮನ್ಯಾಗ ತಂಬಿಗಿಗೆ, ಬೋಗಣಿಗೆ ಹಾಕಿ ಹಾಕಿ ನೋಡ್ತೀನಿ. ಕುಬಸದ ದಿನ ಹೊಟ್ಟ್ಯಾಗ ಏನೂ ಕಾಣಲಿಲ್ಲ. ನಿನ್ನೆ ಒಂದ ದಾರ ಕೇಳಬೇಕಿತ್ತು, ಮಾನಕ್ಕ ಅಂಜಿ ಕೇಳಲಿಲ್ಲ."

"ಮತ್ತ ಚಾರ್‌ಮಿನಾರ?"

"ಬಳಿ ಕೊಳ್ಳಾಕ ಹೋಗಿದ್ದೆ. ಮ್ಯಾಲ ನೋಡಿದೆ. ಕುತ್ತಿಗಿ ನೋವಾತು. ಬಂದೆ."

ಸುಗಲಮ್ಮ ಸೆರಗಿನಲ್ಲಿ ಮೊದಲು ಕಣ್ಣು, ಆಮೇಲೆ ದಾಳಿಂಬೆ ಒರೆಸಿದಳು. "ಅಲ್ಲ, ನಾನೂ ಕುಂಬಳಕಾಯಿ ಅಂದಿದ್ನಲ್ಲ," ಎಂದಳು. "ಹೋಗ್ಲಿ. ಊರಿಗೆ ಫೋನ ಹಚ್ಚಬೇಕು, ಕೇಳ್ತಾರ. ಈಗರೆ ಖರೇ ಹೇಳು, ಎಷ್ಟೈತಿ ಕೂಸಿನ ತಲಿ?"

ಗುರುದೇವಿ ಗಾಜಿಗೆ ಹಣೆ ತಾಗಿಸಿ, ಈ ಸಲ ಎರಡೂ ಕಣ್ಣು ತೆರೆದು ನೋಡಿದಳು.

"ದಾಳಿಂಬಿಯಷ್ಟ," ಎಂದಳು. "ಒಂದ ಕಾಳು ಹೆಚ್ಚಿಲ್ಲ, ಒಂದ ಕಾಳು ಕಮ್ಮಿಲ್ಲ."