ಅಳಿಸಿದ ದಾರಿ

ಮತ್ತೆ ಕೆಂಪು ದೀಪ. ಒಳಗೆ ಸಿಕ್ಕಿಕೊಂಡ ನೆಟ್‌ವರ್ಕಿನ ಹುಡುಗ ಕಾರ್ಡನ್ನು ಅಂಗಿಗೆ ಉಜ್ಜಿ ಬೀಗಕ್ಕೆ ಇನ್ನೊಮ್ಮೆ ಹಿಡಿದ. ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ.

ಹಾಲಿನ ಡೈರಿಯ ಆ ಕಂಪ್ಯೂಟರ್ ಕೋಣೆಗೆ ಕಿಟಕಿಯೇ ಇರಲಿಲ್ಲ. ತೆರೆಯಬೇಕಾದರೆ ಬಾಗಿಲಿನ ಬೀಗ ಇಪ್ಪತ್ತು ಮೈಲಿ ದೂರದ ಮುಖ್ಯ ಕಚೇರಿಯನ್ನು ಕೇಳಬೇಕು. ಹೊರಗಿನ ತೂಕದ ಯಂತ್ರವೂ ಅಷ್ಟೇ, ಕಚೇರಿಯ ಅಪ್ಪಣೆಯಿಲ್ಲದೆ ಒಂದು ಲೋಟ ಹಾಲನ್ನೂ ತೂಗದು. ಆ ಕಚೇರಿಗೆ ಮಾಹಿತಿ ಹೋಗುವ ದಾರಿಯನ್ನೇ ಇವನು ಈಗಷ್ಟೇ ರೂಟರಿನಿಂದ ಅಳಿಸಿದ್ದ.

ಹದಿನೆಂಟು ವರ್ಷ ಅಂಥ ದಾರಿಗಳನ್ನು ಒಂದೊಂದಾಗಿ ಕೈಯಾರೆ ರೂಟರಿನಲ್ಲಿ ಬರೆದಿಟ್ಟವರು ಇವನ ಚಿಕ್ಕಪ್ಪ. ಈಗ ಅವರಿಗೆ ಡೈರಿಯ ಉಗ್ರಾಣದ ಕೆಲಸ. "ಇನ್ನು ಬರೆಯೋದು ಬೇಡ ಚಿಕ್ಕಪ್ಪ, ರೂಟರುಗಳೇ ಒಂದನ್ನೊಂದು ಮಾತಾಡಿಸಿ ದಾರಿ ಕಲೀತವೆ" ಎಂದು ಬೆಳಿಗ್ಗೆ ಇವನು ಹೇಳಿದಾಗ, "ಹೊಸ ಬಾವೀಲಿ ನೀರು ಕಾಣೋ ತನಕ ಹಳೇದನ್ನ ಮುಚ್ಚಬೇಡ" ಅಂದಿದ್ದರು, ಅಷ್ಟೆ.

ಇವನು ಮುಚ್ಚಿದ. ಮುಚ್ಚಿ ಸೇವ್ ಕೂಡ ಮಾಡಿದ. ಹೊಸ ಏರ್ಪಾಡಿನ ಪಾಸ್‌ವರ್ಡನ್ನು ಕಚೇರಿಯವರು ತಮ್ಮ ರೂಟರಿಗೆ ಹಾಕಿರಲೇ ಇಲ್ಲ. ಇಲ್ಲಿನ ರೂಟರು ಹತ್ತು ಸೆಕೆಂಡಿಗೊಮ್ಮೆ ನಮಸ್ಕಾರ ಹೇಳುತ್ತಿತ್ತು. ಅಲ್ಲಿನದು ಮುನಿಸಿಕೊಂಡ ಬೀಗರಂತೆ ಮುಖ ತಿರುಗಿಸುತ್ತಿತ್ತು.

ದಪ್ಪ ಗೋಡೆ, ಮೊಬೈಲಿಗೆ ಸಿಗ್ನಲ್ ಇಲ್ಲ. ಬೆವರು ಬೆನ್ನಿನುದ್ದಕ್ಕೂ ಇಳಿಯಿತು. ಹಾರನ್ ಒತ್ತಿ ಸಾಕಾದ ಲಾರಿಯವನು ಬಂದು ಬಾಗಿಲು ಗುದ್ದಿದ.

"ರೀ ಸ್ವಾಮಿ, ಎಂಬತ್ತು ಕ್ಯಾನು ಬಿಸಿಲಲ್ಲಿವೆ! ಇನ್ನೊಂದು ಗಂಟೆ ಹೋದ್ರೆ ಮೊಸರು ಇಳಿಸ್ಕೋಬೇಕಾಗುತ್ತೆ ನೀವು!"

"ಚಿಕ್ಕಪ್ಪನ್ನ ಕರೀರಿ." ಇವನು ಒಳಗಿನಿಂದಲೇ ಕೂಗಿದ.

ಚಪ್ಪಲಿಯ ಸದ್ದು ಬಾಗಿಲಾಚೆ ನಿಂತಿತು. "ಏನೋ ಮಗಾ, ನೀರು ಬಂತಾ?"

ಕಚೇರಿಯವರು ಪಾಸ್‌ವರ್ಡ್ ಹಾಕಿಲ್ಲವೆಂದು ಇವನು ಬಾಗಿಲ ಸಂದಿಯಲ್ಲಿ ಹೇಳಿದ ಮೇಲೆ ಚಿಕ್ಕಪ್ಪ ಆಚೆ ಹೋಗಿ ಬಂದರು.

"ಕಚೇರಿಗೆ ಫೋನ್ ಮಾಡ್ದೆ. 'ನಮ್ಮ ಕಡೆ ಎಲ್ಲ ಸರಿಯಾಗಿದೆ' ಅಂತಾನೆ ಪುಣ್ಯಾತ್ಮ. ಪಾಸ್‌ವರ್ಡ್ ಹಾಕೋನು ರಜೆಯಂತೆ, ನಾಳೆ ಬರ್ತಾನಂತೆ."

"ಹಳೇ ದಾರಿ ಯಾವ ವಿಳಾಸಕ್ಕೆ ಹೋಗ್ತಿತ್ತು ಚಿಕ್ಕಪ್ಪ? ಕೊನೇ ನಂಬರು ಇನ್ನೂರು ಚಿಲ್ಲರೇಲಿ ಯಾವುದಾದ್ರೂ ಇರಬಹುದು. ನಾನು ಬರ್ಕೊಂಡಿಲ್ಲ."

ಚಿಕ್ಕಪ್ಪ ನಗುತ್ತಿದ್ದಾರೇನೋ ಎಂದು ಇವನು ಬಾಗಿಲಿಗೆ ಕಿವಿಯೊತ್ತಿದ. ಕಬ್ಬಿಣ ಬೆಚ್ಚಗಿತ್ತು.

"ಕೊನೇ ನಂಬರು ನೂರಾ ಎಪ್ಪತ್ತಮೂರು. ನಿಧಾನಕ್ಕೆ ಹೊಡಿ." ದನಿ ತಗ್ಗಿತು. "ನಾನೂ ಒಂದ್ಸಲ ಹಿಂಗೇ ಅವಸರಪಟ್ಟು ಸಂಜೆ ತನಕ ಇದೇ ಕೋಣೇಲಿ ಕೂತಿದ್ದೆ. ನಿಮ್ಮ ಚಿಕ್ಕಮ್ಮಂಗೂ ಹೇಳಿಲ್ಲ."

ಒಂದೊಂದೇ ಅಂಕಿ ಒತ್ತಿದ. ಕಾರ್ಡು ಹಿಡಿದ. ಹಸಿರು.

ಬಿಸಿಲು ಒಳಗೆ ಬಿತ್ತು. ಹೊರಗೆ ಮೊದಲ ಕ್ಯಾನು ತೂಕಕ್ಕೆ ಏರಿತು. ಬಾಗಿಲು ಮತ್ತೆ ಮುಚ್ಚಿಕೊಳ್ಳದಂತೆ ಚಿಕ್ಕಪ್ಪ ಒಂದು ಖಾಲಿ ಕ್ಯಾನನ್ನು ಹೊಸಿಲಿಗೆ ಅಡ್ಡ ಉರುಳಿಸಿದರು. "ಬಾ, ಗಾಳಿ ಕುಡಿ."

ಇವನು ಒಂದು ಹೆಜ್ಜೆ ಇಟ್ಟವನು ಹಿಂದಿರುಗಿ ಕುರ್ಚಿಯಲ್ಲಿ ಕೂತ. ಇನ್ನೂ ಮೂವತ್ತು ದಾರಿ ಅಳಿಸಿದ್ದ.

"ಉಳಿದವನ್ನೂ ಹೇಳಿ, ಬರ್ಕೋತೀನಿ. ನಾಳೆ ಹೊಸದು ಶುರುವಾದ್ರೂ ಇವು ಇರ್ಲಿ. ಅದು ಕೈ ಕೊಟ್ಟಾಗ ಮಾತ್ರ ಇವು ಎದ್ದು ನಡೆಯೋ ಹಂಗೆ ಮಾಡ್ತೀನಿ."

ಚಿಕ್ಕಪ್ಪ ಕ್ಯಾನನ್ನು ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಕೂತರು.

"ಹಾಂ, ಅಲ್ಲೇ ಕೂತ್ಕೊಳ್ಳಿ ಚಿಕ್ಕಪ್ಪ," ಇವನೆಂದ. "ದಮ್ಮಯ್ಯ, ಎದ್ದು ಮಾತ್ರ ಹೋಗ್ಬೇಡಿ."