ಟ್ರ್ಯಾಕ್ಟರಿನ ಮೂತಿಗೆ ಕಟ್ಟಿದ ಭಾರ

ನಾನು ಒಂದು ಸಿಮೆಂಟಿನ ಗಡ್ಡೆ. ಹುಟ್ಟಿದ್ದು ಮುಧೋಳದ ಕಡೆಯ ಒಂದು ಹಿತ್ತಲಲ್ಲಿ, ಎಣ್ಣೆಯ ಹಳೆ ಡಬ್ಬಿಯೊಳಗೆ. ಜಲ್ಲಿ, ಮರಳು, ಮುರಿದ ಕುಂಟೆಯ ಕಬ್ಬಿಣ, ಸವೆದ ನಟ್ಟು ಬೋಲ್ಟು ಎಲ್ಲವನ್ನೂ ನನ್ನ ಹೊಟ್ಟೆಗೆ ಸುರಿದರು. ನೋಡಲು ಚಂದವಿಲ್ಲ. ಚಂದಕ್ಕೆಂದು ಯಾರೂ ನನ್ನನ್ನು ಮಾಡಿಸಲೂ ಇಲ್ಲ.

ಮಾಡಿಸಿದವಳು ಚಂದ್ರವ್ವ. ಆ ಮನೆಯ ಮುದಿ ಟ್ರ್ಯಾಕ್ಟರು ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಕಾಲುವೆಯ ದಿಬ್ಬ ಹತ್ತುವಾಗ ಮುಂದಿನ ಗಾಲಿಗಳನ್ನು ಎತ್ತಿಬಿಡುತ್ತಿತ್ತು. ಓಡಿಸುವವನು ಅವಳ ಭಾವ ಗುರುಪಾದ. ಗಾಲಿ ಏಳದಂತೆ ಮೂತಿಯ ಮೇಲೆ ಭಾರಕ್ಕೆ ಕೂರುವವನು ಅವಳ ಗಂಡ ಬಾಳೇಶ. ಆ ಸೀಮೆಯಲ್ಲಿ ಹಾಗೆ ಕೂರುವುದು ಯಾರಿಗೂ ವಿಚಿತ್ರವಲ್ಲ. ಚಂದ್ರವ್ವ ಮಾತ್ರ ಅವನು ಮರಳಿ ಬರುವವರೆಗೆ ತುತ್ತು ಮುಟ್ಟುತ್ತಿರಲಿಲ್ಲ.

"ಭಾವನೋರ, ಅಲ್ಲಿ ಮನಶ್ಯಾನ್ನ ಕುಂದರಸಬ್ಯಾಡ್ರಿ. ಕಲ್ಲರ ಕಟ್ರಿ, ಕಬ್ಬಿಣರ ಕಟ್ರಿ," ಎಂದು ಹಟ ಹಿಡಿದಳು.

ಗುರುಪಾದ ಕೆಟ್ಟವನಲ್ಲ. ಕಾಳು ತೂಗುವ ಕಾಟಾದ ಮೇಲೆ ತಮ್ಮನನ್ನು ನಿಲ್ಲಿಸಿ, ಸರಿಯಾಗಿ ಅವನಷ್ಟೇ ತೂಕಕ್ಕೆ ನನ್ನನ್ನು ಎರಕ ಹೊಯ್ದು, ಬಂಪರಿಗೆ ಸರಪಳಿಯಿಂದ ಬಿಗಿದ. ಮೊದಲ ದಿನ ಗಾಲಿ ನೆಲ ಬಿಡಲಿಲ್ಲ. ಬಾಳೇಶ ಬೀಡಿ ಸೇದುತ್ತ ಪಕ್ಕದಲ್ಲೇ ನಡೆದು ಬಂದ. ನನಗೆಷ್ಟು ಹೆಮ್ಮೆ!

ನನ್ನ ಹೆಮ್ಮೆಗೆ ಬೆಂಕಿ ಬೀಳಲಿ. ನಾನು ತಡೆಯುತ್ತೇನೆಂದು ಗೊತ್ತಾದದ್ದೇ ತಡ, ಅಣ್ಣತಮ್ಮಂದಿರು ಹೇರನ್ನು ದಿನದಿನಕ್ಕೆ ಹೆಚ್ಚಿಸಿದರು. ಇವತ್ತು ನಾಲ್ಕು ಹೊರೆ, ನಾಳೆ ಇನ್ನೂ ಆರು. ಹದಿನೈದು ದಿನದೊಳಗೆ ಗಾಲಿ ಮತ್ತೆ ಎದ್ದಿತು.

"ದಿಬ್ಬಾ ದಾಟೂತನಾ ಅಷ್ಟ ಕುಂದರ್ತೀನಿ ತಗೋ ಅಣ್ಣಾ. ಮನ್ಯಾಗ ಹೇಳಬ್ಯಾಡ," ಎಂದು ಬಾಳೇಶ ನನ್ನ ಮೇಲೆಯೇ ಹತ್ತಿ ಕುಳಿತ.

ನುಣುಪಾದ ನನ್ನ ಮೈಯಲ್ಲಿ ಹಿಡಿಯಲು ಏನೂ ಇರಲಿಲ್ಲ. ಗಾಲಿ ಎದ್ದು ದೊಪ್ಪೆಂದು ಬಿದ್ದಾಗ ಅವನು ಮುಂದಕ್ಕೆ ಜಾರಿದ. ಗುರುಪಾದ ಬ್ರೇಕು ತುಳಿಯುವಷ್ಟರಲ್ಲಿ ಟ್ರ್ಯಾಕ್ಟರು ಅವನ ಎದೆಯ ಮೇಲೆ ಹಾದುಹೋಗಿತ್ತು. ಸರಪಳಿಯಲ್ಲಿ ಬಿಗಿದುಕೊಂಡೇ ನಾನು ಎಲ್ಲವನ್ನೂ ನೋಡಿದೆ.

ಆಮೇಲೆ ಟ್ರ್ಯಾಕ್ಟರು ಗುಜರಿಗೆ ಹೋಯಿತು. ಗುಜರಿಯವನಿಗೂ ಬೇಡವಾದ ನನ್ನನ್ನು ದನದ ಕೊಟ್ಟಿಗೆಯ ಹಿಂದೆ ಉರುಳಿಸಿದರು. ಎಷ್ಟು ವರ್ಷವಾಯಿತೋ, ಮೈಯೆಲ್ಲ ಬಿರುಕು. ಚಂದ್ರವ್ವ ಸಗಣಿ ಎತ್ತಲು ಬಂದರೆ ನನ್ನತ್ತ ನೋಡುತ್ತಿರಲಿಲ್ಲ. ನಿನ್ನೆ ಬುಟ್ಟಿ ಇಳಿಸಿ ನನ್ನೆದುರು ಕುಕ್ಕರಿಸಿದಳು.

"ನೀ ಇರದಿದ್ರ ಅವ್ರು ಅಷ್ಟ ಹೇರತಿದ್ದಿಲ್ಲ," ಎಂದಳು. ನನ್ನ ಮೈಯ ಬಿರುಕಿನಲ್ಲಿ ಬೆರಳಾಡಿಸಿ, "ಹಟಾ ಮಾಡಿದಾಕಿ ನಾನ," ಎಂದು ಸೆರಗು ಬಾಯಿಗೊತ್ತಿಕೊಂಡಳು.

ತಪ್ಪು ನಿನ್ನದಲ್ಲ ತಾಯಿ ಎಂದು ಅವಳಿಗೆ ಯಾರಾದರೂ ಒಮ್ಮೆ ಹೇಳಬೇಕಿತ್ತು. ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ನನಗೆ ಬಾಯಿಲ್ಲ.